ಹೊಸಕೇರಿ ವಿರಾಮ

ಗುರುಹಸ್ತ ತರಬೇತಿಗೆ ನಾನು ಆಯ್ಕೆಯಾದ ಸುದ್ದಿಯನ್ನು ಅವ್ವ ಹುಬ್ಬಳ್ಳಿ ಬಸ್ ನಿಲ್ದಾಣದ ಮೈಕಿನಲ್ಲಿ ಹೇಳಿಬಿಟ್ಟಳು. "ಪ್ರಯಾಣಿಕರ ಗಮನಕ್ಕೆ. ಗದಗ ಮಾರ್ಗವಾಗಿ ಕೊಪ್ಪಳಕ್ಕೆ ಹೋಗುವ ಬಸ್ಸು ನಾಲ್ಕನೇ ಅಂಕಣದಲ್ಲಿ ನಿಂತಿದೆ" ಎಂದು ಪುಸ್ತಕದ ಕನ್ನಡದಲ್ಲಿ ಸಾರಿದವಳು ಅದೇ ಉಸಿರಿನಲ್ಲಿ, "ನಮ್ಮ ಭಾಗ್ಯಶ್ರೀ ದೊಡ್ಡ ಡಾಕ್ಟರ್ ಟ್ರೇನಿಂಗಿಗೆ ಪಾಸಾಗ್ಯಾಳ್ರೀ" ಎಂದೂ ಸೇರಿಸಿದಳಂತೆ. ನಿಲ್ದಾಣದ ಅಧಿಕಾರಿ ಬೈದರು. ಕೊಪ್ಪಳದ ಬಸ್ಸಿನಲ್ಲಿ ಕೂತವರು ಚಪ್ಪಾಳೆ ಹೊಡೆದರು.

ಅವ್ವನ ಕೆಲಸವೇ ದನಿ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ಬದುಕು ಆ ದನಿಯ ಮೇಲೆಯೇ ನಡೆದಿತ್ತು. ಅದನ್ನು ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಂಡು ಮುಂದೆ ಯಂತ್ರದಿಂದಲೇ ಹೇಳಿಸೋಣ ಎಂಬ ಮಾತೂ ಬಂದಿತ್ತು. ಅವ್ವ ಒಪ್ಪಲಿಲ್ಲ. "ರೆಕಾರ್ಡಿಗೆ ಬಸ್ಸು ಅಣ್ಣಿಗೇರಿಯಾಗ ಪಂಕ್ಚರ್ ಆಗಿ ನಿಂತಿದ್ದು ಹೆಂಗ ಗೊತ್ತಾಗತೈತ್ರೀ? ಅದು ಬಂದೈತಿ ಬಂದೈತಿ ಅಂತ ಒದರಕೊಂತ ಕುಂದರತೈತಿ" ಎಂದು ಕೇಳಿದಳು. ಅವಳ ಮಾತಿಗೆ ನಾನೂ ನಕ್ಕಿದ್ದೆ. ಆಗ ನಾನು ಎರಡನೇ ವರ್ಷದ ವೈದ್ಯಕೀಯ ವಿದ್ಯಾರ್ಥಿನಿ. ರೆಕಾರ್ಡ್ ಮಾಡಿದ್ದೆಲ್ಲ ನಂಬಿಕೆಗೆ ಅರ್ಹ ಎಂದುಕೊಂಡಿದ್ದ ವಯಸ್ಸು.

ಗುರುಹಸ್ತದ ಕಲ್ಪನೆ ನಮ್ಮ ಕಾಲೇಜಿನ ಸಂಶೋಧನಾ ವಿಭಾಗದ ಮುಖ್ಯಸ್ಥೆ ಡಾ. ವಾರಿಜಾ ಕಾಮತ್ ಅವರದು. ಅಂಗೈಯಗಲದ ಸ್ಕ್ಯಾನರು ಎಲ್ಲ ಡಾಕ್ಟರುಗಳ ಜೇಬಿಗೂ ಬಂದ ಮೇಲೆ ರೋಗಿಯನ್ನು ಮುಟ್ಟಿ ನೋಡುವ ವಿದ್ಯೆ ಮೂಲೆ ಸೇರಿತ್ತು. ಜನಕ್ಕೆ ಮಾತ್ರ ಡಾಕ್ಟರು ಮುಟ್ಟದಿದ್ದರೆ ಸಮಾಧಾನವಿಲ್ಲ. ಔಷಧಕ್ಕಿಂತ ಕೈಗುಣ ನೋಡಿ ಡಾಕ್ಟರನ್ನು ಹುಡುಕುವ ಸೀಮೆ ನಮ್ಮದು. ಕಾಮತ್ ಮೇಡಂ ಹೇಳುತ್ತಿದ್ದುದು ಇಷ್ಟೆ: ಕೈಗುಣ ಎನ್ನುವುದು ಪವಾಡವೇನಲ್ಲ, ಎಲ್ಲಿ ಎಷ್ಟು ಒತ್ತಬೇಕು, ಎಲ್ಲಿ ಹಗುರಾಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನು ಬೆರಳುಗಳು ಒಂದು ಜೀವಮಾನವಿಡೀ ಕಲಿತಿರುತ್ತವೆ, ಆ ಕಲಿಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಬಹುದು.

ದಾಟಿಸುವುದಕ್ಕೆ ಮೊಣಕೈವರೆಗೆ ಬರುವ ಒಂದು ತೆಳ್ಳನೆಯ ಗ್ಲೌಸು. ಬಟ್ಟೆಯೊಳಗೆ ಕೂದಲಿಗಿಂತ ಸಣ್ಣ ತಂತಿಗಳ ಜಾಲ. ಶಸ್ತ್ರವೈದ್ಯ ಡಾ. ಶಂಭುಲಿಂಗ ಹೊಸಕೇರಿಯವರು ನಿವೃತ್ತಿಗೆ ಮುಂಚಿನ ದಿನಗಳಲ್ಲಿ ಅದನ್ನು ಬಲಗೈಗೆ ತೊಟ್ಟು ರೋಗಿಗಳನ್ನು ನೋಡಿದರು. ಮೊದಲು ಹೊಟ್ಟೆ, ಆಮೇಲೆ ಕುತ್ತಿಗೆ. ಬೆರಳ ತುದಿಯ ಒತ್ತಡ, ಮುಂಗೈ ಸ್ನಾಯುವಿನ ಬಿಗಿತ ಎಲ್ಲವೂ ದಾಖಲಾದವು. ಅದೇ ಗ್ಲೌಸನ್ನು ನಾವು ತೊಟ್ಟು ರೋಗಿಯನ್ನು ಮುಟ್ಟಿದರೆ ತಂತಿಗಳು ನಮ್ಮ ಸ್ನಾಯುಗಳಿಗೆ ಸಣ್ಣಗೆ ಕರೆಂಟು ಕೊಟ್ಟು ನಮ್ಮ ಬೆರಳನ್ನು ಅವರ ಬೆರಳಿನಂತೆಯೇ ನಡೆಸುತ್ತಿದ್ದವು. ಮೇಷ್ಟ್ರು ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ. ಕೆಲವು ವಾರ ಕಳೆದ ಮೇಲೆ ಗ್ಲೌಸು ಬೇಡ, ಕೈಗೆ ಅಭ್ಯಾಸವಾಗಿರುತ್ತಿತ್ತು. ವಿದ್ಯಾರ್ಥಿಗಳಾಗಿರುವಾಗಲೇ ಹಿರಿಯ ಸರ್ಜನ್ನರ ಕೈ, ಸಂಶೋಧನಾ ಪ್ರಬಂಧದಲ್ಲಿ ಹೆಸರು. ಇಂಥ ಅವಕಾಶಕ್ಕೆ ಯಾರು ಬೇಡ ಅಂದಾರು? ಇಡೀ ಕ್ಲಾಸು ಮುಗಿಬಿದ್ದಿತ್ತು.

ಆಯ್ಕೆಗೆ ಒಂದೇ ಒಂದು ವಿಚಿತ್ರ ನಿಯಮವಿತ್ತು. ಎಡಗೈಯವರಿಗೆ ಪ್ರವೇಶವಿಲ್ಲ, ಏಕೆಂದರೆ ಗ್ಲೌಸು ಬಲಗೈಯದು. ಹಾಗಾಗಿ ನನ್ನ ಗೆಳೆಯ ಇಮ್ತಿಯಾಜ್ ನದಾಫ್ ಹೊರಗುಳಿದ. ಅವನಿಗೆ ರಬ್ಬರ್ ಬೊಂಬೆಗಳನ್ನು ಒರೆಸಿಡುವ ಕೆಲಸ ಕೊಟ್ಟರು. "ಬಿಡವಾ, ಹುಟ್ಟಿದಾಗಿಂದ ಈ ಎಡಗೈ ಒಂದು ನಮೂನಿ ಬೈಸ್ಕೊಂತನ ಬಂದೈತಿ. ಈಗ ಯಂತ್ರಾನೂ ಬೈತು" ಎಂದು ನಕ್ಕುಬಿಟ್ಟ. ನಗುವಿನ ಹಿಂದೆ ಹೊಟ್ಟೆ ಉರಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು.

ತರಬೇತಿ ಮುಗಿದ ವಾರದ ಒಂದು ಸಂಜೆ ಅವ್ವ ಕೆಲಸ ಮುಗಿಸಿ ಬಂದು ಕೂತಿದ್ದಳು. ಕರೆಂಟು ತಿಂದು ತಿಂದು ನನ್ನ ಬಲಗೈ ಒಂದೇ ಸಮನೆ ನೋಯುತ್ತಿತ್ತು. ಚಹಾದ ಕಪ್ಪನ್ನು ಎಡಗೈಯಿಂದ ಚಾಚಿದೆ.

"ಎಡಗೈಲೆ ಕೊಡಬ್ಯಾಡ. ಎಷ್ಟ್ ಸಲ ಹೇಳೂದು ನಿನಗ?" ಎಂದಳು. ಕಪ್ಪು ಬಲಗೈಗೆ ಬಂದ ಮೇಲೆಯೇ ತೆಗೆದುಕೊಂಡಳು. ಆಮೇಲೆ ಸೆರಗು ಸರಿಸಿ ಕುತ್ತಿಗೆ ಎತ್ತಿದಳು. "ತೋರಸು ನೋಡೋಣ, ನಿನ್ನ ಹೊಸಾ ಕೈ ಹೆಂಗೈತಿ."

ನಾನು ಆಟಕ್ಕೆಂದೇ ಎದುರು ಕೂತು ಮೂರು ಬೆರಳನ್ನು ಅವಳ ಗಂಟಲಿನ ಮೇಲಿಟ್ಟೆ. ಥೈರಾಯ್ಡ್ ಗ್ರಂಥಿ ಅಲ್ಲಿ ಚಿಟ್ಟೆಯ ಹಾಗೆ ಎರಡು ರೆಕ್ಕೆ ಹರಡಿ ಕೂತಿರುತ್ತದೆ. ಕೈ ತನ್ನ ಪಾಡಿಗೆ ನಡೆಯಿತು. ಅವಳ ಬಲಗಡೆಯ ರೆಕ್ಕೆಯ ಕೆಳತುದಿಗೆ ಬಂತು. ನಿಂತಿತು. ನಾನು ನಿಲ್ಲಿಸಲಿಲ್ಲ. ಬೆರಳುಗಳು ಬಿಗಿಯಾದವು, ಒಳಗೆ ಏನೋ ಗಟ್ಟಿಯಾದದ್ದು ತಗುಲಿದ ಹಾಗೆ. 

"ಯಾಕ ನಿಂತಿ?" ಅವ್ವ ಕೇಳಿದಳು.

"ಏನಿಲ್ಲ ಬೇ."

"ಏನಿಲ್ಲಂದ್ರ ಮುಖಾ ಯಾಕ ಹಂಗ ಮಾಡೀದಿ?"

ತರಬೇತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದ ಮಾತು ಒಂದೇ: ಕೈ ನಿಂತಲ್ಲಿ ನಂಬಿ. ಹೊಸಕೇರಿಯವರ ಕೈ ಗಂಟಿನ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಆ ನಿಲುಗಡೆಗೆ ನಮ್ಮ ಪ್ರಬಂಧದಲ್ಲಿ 'ಹೊಸಕೇರಿ ವಿರಾಮ' ಎಂದು ಹೆಸರನ್ನೇ ಇಟ್ಟಿದ್ದೆವು. ಅವ್ವನ ಕುತ್ತಿಗೆಯಲ್ಲಿ ಅದು ಬಂದಿತ್ತು. ಮರುದಿನವೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಸ್ಕ್ಯಾನಿಂಗಿನಲ್ಲಿ ಎರಡೂ ಕಡೆ ಸಣ್ಣ ಸಣ್ಣ ಗಂಟು ಕಂಡವು. ಈ ವಯಸ್ಸಿನ ಹೆಂಗಸರಲ್ಲಿ ಅದು ಸಾಮಾನ್ಯ, ಹೆಚ್ಚಿನವು ನಿರುಪದ್ರವಿ. ಯಾವುದಕ್ಕೆ ಸೂಜಿ ಹಾಕಿ ಪರೀಕ್ಷೆಗೆ ತೆಗೆಯುವುದು ಎಂಬ ಪ್ರಶ್ನೆ ಬಂದಾಗ ನನ್ನ ಕೈ ನಿಂತ ಜಾಗಕ್ಕೇ ಹಾಕಿದರು. ಹೇಳುವುದಕ್ಕೆ ಬರುವುದಿಲ್ಲ ಎಂದು ವರದಿ ಬಂತು. ಕ್ಯಾನ್ಸರ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಇಂಥ ಅಡ್ಡಗೋಡೆಯ ಮೇಲಿನ ಪ್ರಕರಣಗಳಿಗಾಗಿಯೇ ನಮ್ಮಲ್ಲಿ ಮೂರು ಕೈಗಳ ನಿಯಮವಿತ್ತು. ತರಬೇತಿಯಾದ ಮೂವರು ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ರೋಗಿಯನ್ನು ನೋಡಬೇಕು. ಮೂರೂ ಕೈ ಒಂದೇ ಕಡೆ ನಿಂತರೆ ಶಸ್ತ್ರಚಿಕಿತ್ಸೆ. ನಾನು ಮಗಳಾದ್ದರಿಂದ ನನ್ನನ್ನು ಬಿಟ್ಟು ಬೇರೆ ಮೂವರನ್ನು ಕರೆಸಿದರು. ನಾನು ಪರದೆಯ ಆಚೆ ಉಗುರು ಕಚ್ಚುತ್ತ ನಿಂತಿದ್ದೆ. ಒಬ್ಬೊಬ್ಬರಾಗಿ ಹೊರಗೆ ಬಂದರು. ಯಾರೂ ನನ್ನ ಮುಖ ನೋಡಲಿಲ್ಲ. ಮೂರೂ ಕೈ ಬಲಗಡೆಯ ಕೆಳತುದಿಯಲ್ಲೇ ನಿಂತಿದ್ದವು.

ಸರ್ಜನ್ ಬಾದಾಮಿ ಸರ್ ಅವ್ವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. "ನೋಡ್ರೀ ಸರೋಜವ್ವಾರ, ಬಲಗಡೆ ಭಾಗ ತಗೀತೀವಿ. ಮಾತಿನ ನರ ಅದರ ಬೆನ್ನಿಗೇ ಹತ್ಕೊಂಡು ಹೋಗಿರತೈತಿ. ನಾವು ಜ್ವಾಕಿಲೆ ಮಾಡ್ತೀವಿ. ಆದ್ರ ನೂರರಾಗ ಒಬ್ಬಿಬ್ಬರಿಗೆ ದನಿ ಕೆಡತೈತಿ. ಮೊದಲ ಹೇಳಿಬಿಡೂದು ಚಲೋ."

ಅವ್ವ ತಲೆಯಾಡಿಸಿದಳು. ಮನೆಗೆ ಬರುವಾಗ ಆಟೋದಲ್ಲಿ, "ದನಿ ಹೋದ್ರ ನಾ ಏನ್ ಮಾಡ್ಲಿ ಭಾಗ್ಯಾ? ಸಿಳ್ಳೆ ಹೊಡದು ಬಸ್ ಬಿಡ್ಲ್ಯಾ?" ಎಂದು ಕೇಳಿದಳು. ನಗಿಸುವುದಕ್ಕೇ ಹೇಳಿದ ಮಾತು. ನನಗೆ ನಗು ಬರಲಿಲ್ಲ, ಅವಳಿಗೂ ಬರಲಿಲ್ಲ. ಆವತ್ತಿನಿಂದ ಮನೆಯಲ್ಲಿ ಅವಳ ಮಾತು ಕಡಿಮೆಯಾಯಿತು. ಇರುವ ದನಿಯನ್ನು ನಿಲ್ದಾಣಕ್ಕೆಂದು ಮುಡಿಪಾಗಿಟ್ಟವಳಂತೆ ಕೈಸನ್ನೆಯಲ್ಲೇ ಉಪ್ಪು ಕೇಳುವಳು, ಕೈಸನ್ನೆಯಲ್ಲೇ ಬಾಗಿಲು ಹಾಕಲು ಹೇಳುವಳು. ಆ ಮೌನ ನನ್ನನ್ನು ತಿಂದುಹಾಕುತ್ತಿತ್ತು.

ಶಸ್ತ್ರಚಿಕಿತ್ಸೆಗೆ ಇನ್ನೊಂದು ವಾರವಿತ್ತು. ಮಧ್ಯಾಹ್ನ ಊಟಕ್ಕೆ ಮನಸ್ಸಾಗದೆ ನಾನು ಬೊಂಬೆಗಳ ಕೋಣೆಗೆ ಹೋದೆ. ಇಮ್ತಿಯಾಜ್ ಒಂದು ರಬ್ಬರ್ ಬೊಂಬೆಯ ಬೆನ್ನಿಗೆ ಪೌಡರ್ ಹಚ್ಚುತ್ತಿದ್ದ. ಹೊಟ್ಟೆ ಪರೀಕ್ಷೆ ಕಲಿಯಲು ತರಿಸಿದ್ದ ಬೊಂಬೆ. ಅದರ ಹೊಟ್ಟೆಯೊಳಗೆ ಬೇಕಾದ ಗಂಟು ಇಡಬಹುದು. ತಲೆ, ಕುತ್ತಿಗೆ ಬರೀ ಶೋಕಿಗೆ; ಒಳಗೆ ಸ್ಪಂಜು.

ನಾನು ಅದರ ಎದುರು ಸ್ಟೂಲಿನ ಮೇಲೆ ಕೂತೆ. ಏನು ಯೋಚನೆಯೋ, ಕೈ ಅದರ ಕುತ್ತಿಗೆಗೆ ಹೋಯಿತು. ಬೆರಳು ನಡೆದವು. ಬಲಗಡೆ ಕೆಳತುದಿಗೆ ಬಂದವು. ನಿಂತವು.

ನಾನು ಕೈ ಹಿಂದಕ್ಕೆ ತೆಗೆದು ಮತ್ತೆ ಇಟ್ಟೆ. ಮತ್ತೆ ನಿಂತವು. ಅದೇ ಬಿಗಿತ, ಅದೇ ಗಟ್ಟಿಯಾದದ್ದು ತಗುಲಿದ ಭಾವ.

"ಇಮ್ತಿಯಾಜ್, ಇದರ ಕುತ್ತಿಗ್ಯಾಗ ಏನರ ಇಟ್ಟೀಯೇನು?"

"ಅದರಾಗ ಏನಿಡಾಕ ಬರತೈತಿ? ಸ್ಪಂಜ್ ಐತದು."

"ಬಾ ಇಲ್ಲಿ. ಕುಂದ್ರು."

ಅವನು ಪೌಡರ್ ಕೈಯಲ್ಲೇ ಬಂದು ಕೂತ. ಅವನ ಕುತ್ತಿಗೆಯ ಮೇಲೆ ಕೈ ಇಟ್ಟೆ. ನಿಂತಿತು. ಅವನು ನನ್ನ ಮುಖ ನೋಡಿದ. "ಯಾಕ, ನನಗೂ ಕ್ಯಾನ್ಸರ್ ಐತೇನು?"

ನಾನು ನನ್ನದೇ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡೆ. ಅಲ್ಲಿಯೂ ನಿಂತಿತು. ಆಗ ನನಗಾದ ಭಯವನ್ನು ಹೇಗೆ ಹೇಳಲಿ? ಮೊದಲು ಸಂತೋಷವೇ ಆಯಿತು: ಅವ್ವನಿಗೆ ಏನೂ ಇಲ್ಲ! ಮರುಗಳಿಗೆಯಲ್ಲೇ ಆ ಸಂತೋಷವೂ ಹೋಯಿತು. ಎಲ್ಲರ ಕುತ್ತಿಗೆಯಲ್ಲೂ ನಿಲ್ಲುವ ಕೈ ಅವ್ವನ ವಿಷಯದಲ್ಲಿ ಏನನ್ನೂ ಹೇಳಿರಲಿಲ್ಲ. ಇದೆ ಎಂದೂ ಇಲ್ಲ, ಇಲ್ಲವೆಂದೂ ಇಲ್ಲ. ಮೂರು ಕೈ ಒಪ್ಪಿದವು ಎಂದು ನಾವು ಧೈರ್ಯ ತಂದುಕೊಂಡಿದ್ದೆವಲ್ಲ, ಅವು ಮೂರು ಕೈಗಳೇ ಅಲ್ಲ. ಒಂದೇ ಕೈ ಮೂರು ಸಲ ಮುಟ್ಟಿತ್ತು.

ಕಾಮತ್ ಮೇಡಂ ಕಂಟ್ರೋಲ್ ರೂಮಿನಲ್ಲಿ ದೊಡ್ಡ ಪರದೆಯ ಮುಂದೆ ಕೂತಿದ್ದರು. ನಾನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಭಾಗ್ಯಶ್ರೀ, ನಿನ್ನ ತಾಯಿಯ ವಿಷಯ. ಹೆದರಿದ್ದೀಯ. ಹೆದರಿದಾಗ ಕೈ ಸುಳ್ಳು ಹೇಳ್ತದೆ."

"ಬೊಂಬೆ ನಮ್ಮವ್ವ ಅಲ್ಲಲ್ರೀ ಮೇಡಂ. ಆರೋಗ್ಯವಾಗಿ ಇರೋರ ಕುತ್ತಿಗೆ ಒಂದಾದ್ರೂ ಮುಟ್ಟಿಸಿ ನೋಡೀವೇನ್ರೀ ನಾವು?"

ನೋಡಿರಲಿಲ್ಲ. ಕುತ್ತಿಗೆಯಲ್ಲಿ ಗಂಟಿದೆ ಎಂದು ಬಂದವರನ್ನಷ್ಟೇ ನಮ್ಮ ಕೈಗೆ ಕೊಟ್ಟಿದ್ದರು. ಬಂದವರಲ್ಲಿ ಗಂಟು ಇದ್ದೇ ಇರುತ್ತಿತ್ತು, ನಮ್ಮ ಕೈ ನಿಲ್ಲುತ್ತಿತ್ತು, ನಾವು ಬೆನ್ನು ತಟ್ಟಿಕೊಳ್ಳುತ್ತಿದ್ದೆವು. ಏನೂ ಇಲ್ಲದ ಕಡೆ ಈ ಕೈ ಏನು ಮಾಡುತ್ತದೆ ಎಂದು ಇಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಕೇಳಬೇಕೆನಿಸಲಿಲ್ಲ. ಮೊದಲ ವರ್ಷದ ಹುಡುಗರಿಗೆ ಕಲಿಸುವ ಪಾಠ ಅದು.

ಮೇಡಂ ಹಠದ ಹೆಂಗಸು, ಆದರೆ ಸುಳ್ಳಿನ ಹೆಂಗಸಲ್ಲ. ಪರದೆಯ ಮೇಲೆ ಹೊಸಕೇರಿಯವರ ಮೂಲ ದಾಖಲೆಗಳನ್ನು ಒಂದೊಂದಾಗಿ ತೆರೆದರು. ಕೈಯ ಒತ್ತಡ ಹಸಿರು ಗೆರೆಯಾಗಿ ಹರಿಯುತ್ತಿತ್ತು. ಹೊಟ್ಟೆಯ ದಾಖಲೆಗಳಲ್ಲಿ ಗೆರೆ ಒಬ್ಬೊಬ್ಬ ರೋಗಿಗೆ ಒಂದೊಂದು ಥರ. ಕುತ್ತಿಗೆಯ ದಾಖಲೆಗಳಲ್ಲಿ ಎಲ್ಲಾ ಗೆರೆಗಳೂ ಒಂದೇ ಕಡೆ, ಬಲಗಡೆಯ ಕೆಳತುದಿಯಲ್ಲಿ, ಗೋಡೆಗೆ ಗುದ್ದಿದ ಹಾಗೆ ನಿಂತಿದ್ದವು. ಅಲ್ಲಿಂದ ಬಿಡಿಸಿಕೊಂಡು ಎಡಗಡೆಗೆ ಹೋದಾಗ ಗೆರೆ ತೆಳ್ಳಗಾಗಿ, ಅವಸರವಾಗಿ ಮುಗಿದುಬಿಡುತ್ತಿತ್ತು.

"ಇದನ್ನೇ ನಾವು ಅನುಭವ ಅಂದ್ಕೊಂಡ್ವಿ" ಎಂದರು ಮೇಡಂ. ಈ ಕೆಲವು ವಾರಗಳಲ್ಲಿ ಮೂರು ಕೈಗಳನ್ನು ನಂಬಿ ಶಸ್ತ್ರಚಿಕಿತ್ಸೆಯಾದವರನ್ನೆಲ್ಲ ಮತ್ತೆ ಕರೆಸಬೇಕು ಎಂದು ಆಗಲೇ ಫೋನ್ ತೆಗೆದರು. ನನಗೆ, "ನೀನು ಹೊಸಕೇರಿ ಸರ್ ಹತ್ರ ಹೋಗು. ನಾನು ಕೇಳಿದ್ರೆ ಅವರಿಗೆ ನೋವಾಗ್ತದೆ. ನಿನ್ನ ಮೇಲೆ ಅವರಿಗೆ ಪ್ರೀತಿ ಇದೆ" ಎಂದರು. ನೋವಿನ ಕೆಲಸವನ್ನು ಹೀಗೆ ನಯವಾಗಿ ನನಗೆ ದಾಟಿಸಿದ್ದು ಗೊತ್ತಾದರೂ ಹೊರಟೆ.

ಹೊಸಕೇರಿ ಸರ್ ಧಾರವಾಡದಲ್ಲಿ, ಸಪ್ತಾಪುರದ ಹತ್ತಿರ ಒಬ್ಬರೇ ಇದ್ದರು. ಹಿತ್ತಲಲ್ಲಿ ಪೇರಲ ಗಿಡಕ್ಕೆ ನೀರು ಹಾಕುತ್ತಿದ್ದವರು ನನ್ನನ್ನು ಕಂಡು ಖುಷಿಯಾದರು. "ಬಾ ತಂಗಿ. ನನ್ನ ಕೈ ಹೆಂಗ ನಡದೈತಿ ನಿನ್ನ ಹತ್ರ?" ಎಂದು ಕೇಳಿದರು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ಸರ್, ಅದು ಎಲ್ಲಾರ ಕುತ್ತಿಗ್ಯಾಗೂ ನಿಲ್ಲತೈತ್ರೀ. ಬಲಗಡೆ. ಸ್ಪಂಜಿನ ಬೊಂಬ್ಯಾಗೂ ನಿಂತು" ಎಂದೆ.

ಅವರು ನೀರಿನ ಪೈಪು ಕೆಳಗಿಟ್ಟರು. ಆಮೇಲೆ ಹತ್ತಿರ ಬಂದು, "ಒಂದ್ ಸಲ ಮುಟ್ಲೇನು?" ಎಂದು ಕೇಳಿ ನನ್ನ ಕುತ್ತಿಗೆಯ ಮೇಲೆ ಬೆರಳಿಟ್ಟರು. ಒದ್ದೆ ಬೆರಳುಗಳು ನಡೆದವು, ಬಲಗಡೆಯ ಕೆಳತುದಿಗೆ ಬಂದವು, ನಿಂತವು. ಬಿಸಿ ತಗುಲಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು.

"ನಿನಗ ಏನೂ ಇಲ್ಲ ತಂಗಿ. ಹೆದರಬ್ಯಾಡ. ಇದು ನಮ್ಮಾಕಿ ಗಂಟು."

ಪೇರಲ ಗಿಡದ ಕಟ್ಟೆಯ ಮೇಲೆ ಕೂತು ಹೇಳಿದರು. ಅವರ ಹೆಂಡತಿ ಶಿವಲೀಲಾ. ಸಾವಿರಾರು ಕುತ್ತಿಗೆ ಮುಟ್ಟಿದವರು ದಿನಾ ಎದುರು ಕೂತು ಉಣ್ಣುವವಳ ಕುತ್ತಿಗೆ ಮುಟ್ಟಿರಲಿಲ್ಲ. ಅವಳು ನುಂಗುವಾಗ ತ್ರಾಸಾಗುತ್ತದೆ ಎಂದಾಗ, ರೊಟ್ಟಿ ಬಿರುಸಾಗಿರಬೇಕು ಎಂದು ನಕ್ಕಿದ್ದರು. ಕೊನೆಗೆ ಮುಟ್ಟಿದಾಗ ಬಲಗಡೆಯ ಕೆಳತುದಿಯಲ್ಲಿ ಕಲ್ಲಿನಂತೆ ಕೂತಿತ್ತು. ಅವಳು ಹೋದ ಮೇಲೆ ಮನೆಯಲ್ಲಿರಲಾಗದೆ ಬೇಗನೆ ಕೆಲಸಕ್ಕೆ ಮರಳಿದರು. ಆಗಲೇ ಗ್ಲೌಸಿನಲ್ಲಿ ಕುತ್ತಿಗೆಯ ದಾಖಲೆ ಶುರುವಾಗಿತ್ತು.

"ನನ್ನ ಬಾಯಿ ಯಾರ ಮುಂದೂ ಏನೂ ಹೇಳಲಿಲ್ಲ. ಕೈ ಹೇಳೇತಿ ನೋಡು. ಅದನ್ನ ನೀವೆಲ್ಲಾರೂ ಕಲ್ತ್ರಿ" ಎಂದರು. ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಹಾಗೇ ಹರಿಯಲು ಬಿಟ್ಟರು.

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಅಲ್ಲೇ ಕರಗಿಹೋಯಿತು. ಆದರೆ ಅವ್ವ? "ನಮ್ಮವ್ವನ್ನ ಯಾರು ನೋಡಬೇಕ್ರೀ ಸರ್? ನೀವು ಬರ್ತೀರೇನು?"

"ನಾ ಬಂದ್ರ ಮತ್ತ ಬಲಗಡೇನ ನಿಲ್ತೀನಿ. ನನ್ನಿಂದ ಆಗೂದಿಲ್ಲ. ಈ ಕೈ ಹತ್ತದ ಹುಡುಗರು ಯಾರರ ಉಳದಾರೇನು ನಿಮ್ಮ ಕ್ಲಾಸಿನ್ಯಾಗ? ಅಂಥವರ ಕಡೆಯಿಂದ ನೋಡಸು. ಸಾವಕಾಶ ನೋಡಾಕ ಹೇಳು."

ಉಳಿದವನು ಒಬ್ಬ ಇದ್ದ.

"ನದಾಫ್ ಹುಡುಗ ಚಲೋ ಅದಾನ ಬಿಡು" ಎಂದಳು ಅವ್ವ. "ಆದ್ರ ಎಡಗೈಲೆ ಮುಟ್ಟಸ್ಕೋಬೇಕಾ? ಅದೂ ಕುತ್ತಿಗೆ? ಶುಭ ಕೆಲಸಕ್ಕ ಹೊಂಟಾಗ?"

"ಆಪರೇಷನ್ ಶುಭ ಕೆಲಸ ಏನ್ ಬೇ?"

"ಜೀವ ಉಳಸೂದು ಶುಭ ಕೆಲಸ ಅಲ್ಲೇನು?"

ನನಗೆ ರೇಗಿಹೋಯಿತು. ವಾರದಿಂದ ಒಳಗೇ ಕಟ್ಟಿಟ್ಟಿದ್ದು ಒಡೆದು, ನಡುಮನೆಯಲ್ಲಿ ನಿಂತು ಅಳುತ್ತ ಬೈದೆ. ನನ್ನ ಬಲಗೈ ಕೆಟ್ಟಿದೆ, ಮೂವರ ಬಲಗೈಗಳೂ ಕೆಟ್ಟಿವೆ, ನಿನ್ನ ದನಿ ಹೋದರೆ ನಾನು ಯಾರ ದನಿ ಕೇಳಿ ಬದುಕಲಿ ಎಂದೆ. ಅವ್ವ ಗಾಬರಿಯಾದಳು. ನನ್ನನ್ನು ಎಳೆದು ಪಕ್ಕ ಕೂರಿಸಿಕೊಂಡಳು. ಆಮೇಲೆ ಬಾಗಿಲಾಚೆ ಚಪ್ಪಲಿ ಬಿಟ್ಟು ಸಂಕೋಚದಲ್ಲಿ ನಿಂತಿದ್ದ ಇಮ್ತಿಯಾಜನನ್ನು ಕೂಗಿ, "ಬಾ ತಮ್ಮಾ. ನೋಡು. ಯಾವ ಕೈಲೆ ಆದ್ರೂ ನೋಡು" ಎಂದಳು.

ಅವನು ಎಡಗೈಯನ್ನು ಎರಡು ಸಲ ತೊಳೆದುಕೊಂಡು ಬಂದ. "ಆಂಟೀ, ನನಗ ಭಾಳ ಏನ್ ಬರೂದಿಲ್ರೀ. ಪುಸ್ತಕದಾಗ ಓದೀನಿ ಅಷ್ಟ" ಎಂದ. ಒಂದು ಲೋಟ ನೀರು ಕೊಟ್ಟು ಗುಟುಕು ಗುಟುಕಾಗಿ ನುಂಗಲು ಹೇಳಿದ. ಬಲಗಡೆ ನೋಡಿದ. ಅವನ ಬೆರಳು ತಡವರಿಸುತ್ತಿದ್ದವು, ಹುಡುಕುತ್ತಿದ್ದವು, ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದವು. ಹೊಸಕೇರಿ ಸರ್ ಕೈಯ ಚಂದ ಅದರಲ್ಲಿ ಕಾಸಿನಷ್ಟೂ ಇರಲಿಲ್ಲ. "ಇಲ್ಲಿ ಇರೂದು ಮೆತ್ತಗೈತಿ. ನುಂಗಿದಾಗ ಸರಳ ಮ್ಯಾಲೆ ಹೊಕ್ಕೈತಿ. ಇದು ಸಾದಾ ಗಂಟು ಅನಸ್ತೈತಿ."

ನಾನು ಉಸಿರು ಬಿಟ್ಟೆ. ಅವನು ಕೈ ತೆಗೆಯಲಿಲ್ಲ. ಎಡಗಡೆಗೆ ಹೋದ. ಅಲ್ಲಿಯೂ ಅಷ್ಟೇ ನಿಧಾನ. ಅವ್ವ ಇನ್ನೊಂದು ಗುಟುಕು ನುಂಗಿದಳು. ಅವನ ಹುಬ್ಬು ಗಂಟಿಕ್ಕಿತು. "ಇನ್ನೊಮ್ಮೆ ನುಂಗ್ರೀ ಆಂಟೀ." ಮತ್ತೆ, "ಇನ್ನೊಮ್ಮೆ."

"ಏನೈತಿ?" ಎಂದೆ.

"ಇಲ್ಲಿ ಸಣ್ಣದು ಒಂದೈತಿ. ಗಟ್ಟಿ ಐತಿ. ಖಾತ್ರಿ ಹೇಳಾಕ ಬರೂದಿಲ್ಲ ನನಗ. ಆದ್ರ ಇದಕ್ಕ ಸೂಜಿ ಹಾಕಬೇಕು ಭಾಗ್ಯಾ."

ಪರದೆಯ ಮೇಲಿನ ಆ ಹಸಿರು ಗೆರೆ ನೆನಪಾಯಿತು. ಬಲಗಡೆ ಅಷ್ಟು ಹೊತ್ತು ನಿಂತು, ಎಡಗಡೆ ಓಡಿಹೋಗುತ್ತಿದ್ದ ಗೆರೆ. ನಾಲ್ವರು ಮುಟ್ಟಿದ್ದೆವು ಅವ್ವನನ್ನು. ನಾಲ್ವರೂ ಬಲಗಡೆಯ ಭಯದಲ್ಲೇ ಮುಳುಗಿ ಎಡಗಡೆಯನ್ನು ನೇವರಿಸಿ ಬಿಟ್ಟಿದ್ದೆವು.

ಎಡಗಡೆಯ ಸೂಜಿ ಪರೀಕ್ಷೆಯ ವರದಿಯಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಕ್ಯಾನ್ಸರ್. ಸಣ್ಣದು, ಹರಡಿಲ್ಲ, ತೆಗೆದರೆ ವಾಸಿಯಾಗುವಂಥದು. ಬಾದಾಮಿ ಸರ್ ವರದಿ ಓದಿ, ಕೇಸ್ ಕಾಗದದಲ್ಲಿ 'ಬಲಗಡೆ' ಎಂದಿದ್ದನ್ನು ಹೊಡೆದು 'ಎಡಗಡೆ' ಎಂದು ಬರೆದರು. ಇಮ್ತಿಯಾಜ್ ನೋಡದಿದ್ದರೆ ಗೊತ್ತು ಮಾಡಿದ್ದ ದಿನವೇ ಬಲಗಡೆಯನ್ನು ತೆಗೆದು, ಎಲ್ಲಾ ಸರಿಹೋಯಿತು ಎಂದು ಅವ್ವನನ್ನು ಮನೆಗೆ ಕಳಿಸುತ್ತಿದ್ದರು. ಎಡಗಡೆಯದು ಕುತ್ತಿಗೆಯೊಳಗೇ ಉಳಿದು ಬೆಳೆಯುತ್ತಿತ್ತು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅವ್ವ ಕೆಲಸಕ್ಕೆ ಹೋದಳು. ನಾನೂ ಹೋಗಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆ. ನವಲಗುಂದ, ಸವದತ್ತಿ, ಹಾವೇರಿ, ಅಥಣಿ. ಊರಿನ ಹೆಸರುಗಳು ಒಂದೊಂದಾಗಿ ಅವಳ ದನಿಯಲ್ಲಿ ಬಂದು ಹೋದವು. ಅಥಣಿ ಬಸ್ಸು ತಡವಾಗಿದೆ, ದಯವಿಟ್ಟು ಸಹಕರಿಸಿ ಎಂದಳು. ಇಷ್ಟು ವರ್ಷ ಕಿವಿಗೆ ಹಾಕಿಕೊಳ್ಳದ ಆ ಮಾತುಗಳನ್ನು ನಾನು ಒಂದನ್ನೂ ಬಿಡದೆ ಕೇಳಿದೆ.

ಮರುದಿನ ಎಡಗಡೆಯ ಗಂಟು ಪೂರ್ತಿ ಹೊರಗೆ ಬಂತು; ಬಲಗಡೆಯದರ ಮೇಲೆ ಕಣ್ಣಿಟ್ಟರೆ ಸಾಕು ಎಂದಾಗಿತ್ತು. "ನರ ಉಳಿಸೀವಿ ಅಂತ ಅಂದ್ಕೊಂಡೀನಿ. ಮಾತಾಡಿದ್ರ ಗೊತ್ತಾಗತೈತಿ" ಎಂದರು ಬಾದಾಮಿ ಸರ್.

ಅವ್ವ ಮಾತಾಡಲಿಲ್ಲ. ಮಂಪರು ಪೂರ್ತಿ ಇಳಿದಿತ್ತು, ಕಣ್ಣು ತೆರೆದಿದ್ದಳು, ನನ್ನನ್ನು ಗುರುತಿಸಿದಳು. ನರ್ಸು ಬಂದು, "ಹೆಸರು ಹೇಳ್ರೀ ಅವ್ವಾರ" ಎಂದರೆ ತಲೆಯಾಡಿಸಿ ಬೇಡವೆಂದಳು. ನನಗೆ ಅರ್ಥವಾಯಿತು. ಅವಳಿಗೆ ದನಿ ಇದೆಯೋ ಇಲ್ಲವೋ ಎಂದು ನೋಡುವ ಧೈರ್ಯವಿರಲಿಲ್ಲ. ಬಾಯಿ ತೆರೆಯದಿರುವವರೆಗೂ ಅದು ಇದ್ದಂತೆಯೇ. ನಾನೂ ಒತ್ತಾಯ ಮಾಡಲಿಲ್ಲ, ನನಗೂ ಆ ಧೈರ್ಯವಿರಲಿಲ್ಲ.

ಈ ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲ ದಿನ ಕುತ್ತಿಗೆಯ ಮೇಲೆ ಕಣ್ಣಿಟ್ಟಿರಬೇಕು. ಒಳಗೆ ರಕ್ತ ತುಂಬಿದರೆ ಕುತ್ತಿಗೆ ಬಿಗಿಯಾಗಿ ಊದಿ ಉಸಿರೇ ಕಟ್ಟಬಹುದು. ನೋಡಿ ಹೇಳು ಎಂದು ಬಾದಾಮಿ ಸರ್ ನನಗೇ ಹೇಳಿದ್ದರು. ನಾನು ಪಟ್ಟಿಯ ಅಂಚಿನಲ್ಲಿ ಬಲಗೈ ಇಟ್ಟೆ. ಬೆರಳುಗಳು ತಮ್ಮ ಹಳೆಯ ದಾರಿ ಹಿಡಿದು ಬಲಗಡೆಯ ಕೆಳತುದಿಗೆ ಹೋಗಿ ನಿಂತವು. ಬಿಗಿತ. ಗಟ್ಟಿಯಾದದ್ದು.

ಇದು ಒಳಗೆ ತುಂಬುತ್ತಿರುವ ರಕ್ತವೋ, ಶಿವಲೀಲಾ ಅವರ ಗಂಟೋ? ನನಗೆ ಗೊತ್ತಾಗಲಿಲ್ಲ. ಮತ್ತೊಮ್ಮೆ ಇಟ್ಟೆ, ಮತ್ತೆ ಅದೇ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತು ಚಹಾದ ಹೊತ್ತಿನಲ್ಲಿ ನನ್ನ ಮುಖ ಹೇಗಿತ್ತೋ ಈಗಲೂ ಹಾಗೆಯೇ ಇದ್ದಿರಬೇಕು. ಅವಳ ಕಣ್ಣಲ್ಲಿ ಹೆದರಿಕೆ ಏರುತ್ತಿತ್ತು.

ನಾನು ಬಲಗೈಯನ್ನು ತೆಗೆದು ಬೆನ್ನ ಹಿಂದೆ ಇಟ್ಟುಕೊಂಡೆ. ಏನನ್ನೂ ಕಲಿಯದ ನನ್ನ ಎಡಗೈಯನ್ನು ಅವಳ ಕುತ್ತಿಗೆಯ ಮೇಲಿಟ್ಟೆ. ಅದಕ್ಕೆ ದಾರಿ ಗೊತ್ತಿರಲಿಲ್ಲ. ತಡವರಿಸಿತು. ಪಟ್ಟಿಯ ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ, ಇಮ್ತಿಯಾಜನ ಹಾಗೆ ತಪ್ಪಿ ತಪ್ಪಿ ಹುಡುಕಿತು. ಚರ್ಮ ಬೆಚ್ಚಗಿತ್ತು. ಎಲ್ಲಾ ಕಡೆಯೂ ಮೆತ್ತಗಿತ್ತು. ಖಾತ್ರಿಗೆಂದು ಇನ್ನೊಮ್ಮೆ ಮೊದಲಿನಿಂದ ಶುರುಮಾಡಿದೆ.

ಅವ್ವ ನನ್ನ ಮಣಿಕಟ್ಟನ್ನು ಹಿಡಿದಳು. ತುಟಿ ಅಲುಗಿತು. ಒಡೆದ ಒರಟು ದನಿ, ಆದರೆ ಅವಳದೇ ದನಿ, ವಾರ್ಡಿನ ಆಚೆ ತುದಿಯ ನರ್ಸಿಗೂ ಕೇಳುವಷ್ಟು ಹೊರಗೆ ಬಂತು.

"ಎಡಗೈಲೆ ಮುಟ್ಟಬ್ಯಾಡ ಅಂತ ಎಷ್ಟ್ ಸಲ ಹೇಳೂದು ನಿನಗ?"